ಮಗನ ಕ್ರಿಕೆಟ್ಟು, ಮನೆಯ ಲೆಕ್ಕ

ನಾನು ನ್ಯಾಮತಿ ಕಡೆಯವಳು. ಇವತ್ತು ಕ್ರಿಕೆಟ್ ಬಗ್ಗೆ ಮಾತಾಡ್ತೀನಿ. ಸ್ಕೋರ್ ಬಗ್ಗೆ ಅಲ್ಲ, ಮನೆಯ ಲೆಕ್ಕದ ಬಗ್ಗೆ.

ನಮ್ಮ ಜಿಲ್ಲೆಯಲ್ಲಿ ಹುಡುಗರ ಕೈಗೆ ಬಾಲ್ ಸಿಕ್ಕರೆ ಮೊದಲು ನೆನಪಾಗೋ ಹೆಸರು ವಿನಯ್ ಕುಮಾರ್. ದಾವಣಗೆರೆಯವರು ಭಾರತ ತಂಡಕ್ಕೆ ಆಡಿದರು. ನಾಯಕರಾಗಿ 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ಸತತ ಎರಡು ಸಲ ರಣಜಿ ಟ್ರೋಫಿ ತಂದುಕೊಟ್ಟರು. ಹಾಗೆ ಆಗಬೇಕು ಅನ್ನೋ ಆಸೆ ಚನ್ನಗಿರಿಯ ಅಡಿಕೆ ತೋಟದ ಮನೆಯಲ್ಲೂ ಇದೆ, ಮಳೆ ಕಾಯೋ ಜಗಳೂರಿನ ಮನೆಯಲ್ಲೂ ಇದೆ. ಆಸೆ ತಪ್ಪಲ್ಲ. ಆದರೆ ಈಗ ಅದಕ್ಕೂ ದರಪಟ್ಟಿ ಬಂದಿದೆ.

ನನ್ನ ಮಗನಿಗೆ 13 ವರ್ಷ. ವಾರಕ್ಕೆ ಮೂರು ದಿನ ಹೊನ್ನಾಳಿ ಮೇಲೆ ದಾವಣಗೆರೆಗೆ ಬಸ್ಸು. ಟೆನಿಸ್ ಬಾಲ್ ಬಿಟ್ಟು ಲೆದರ್ ಬಾಲಿಗೆ ಬಂದ ಕೂಡಲೇ ಪ್ಯಾಡು, ಗ್ಲೌಸು, ಹೆಲ್ಮೆಟ್ಟು, ದುಬಾರಿ ಬ್ಯಾಟು. ಆಮೇಲೆ ತರಬೇತಿ ಕೊಡೋರು ಹೇಳಿದರು: 'ಗೋವಾದಲ್ಲಿ ನ್ಯಾಷನಲ್ ಟೂರ್ನಿ ಇದೆ, ಸೆಲೆಕ್ಟರ್‌ಗಳು ಬರ್ತಾರೆ, 18,000 ರೂಪಾಯಿ ಕಟ್ಟಿ.' ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಕಟ್ಟಿದೆವು. ಮಗಳ ಕಂಪ್ಯೂಟರ್ ಕ್ಲಾಸನ್ನು 'ಮುಂದಿನ ವರ್ಷ ನೋಡೋಣ' ಅಂದೆವು. ಅವಳು 'ಹೂಂ' ಅಂದಳು, ಅಷ್ಟೇ.

ಅಲ್ಲಿ ಹುಡುಗನಿಗೆ ಆಡೋಕೆ ಸಿಕ್ಕಿದ್ದು 9 ಬಾಲ್. ಹೋದವರಿಗೆಲ್ಲ ಮೆಡಲ್ಲು, ಸರ್ಟಿಫಿಕೇಟು. ಸೆಲೆಕ್ಟರ್ ಅಂತ ಯಾರೂ ಬರಲಿಲ್ಲ.

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ರಾಜ್ಯ ತಂಡ ಆರಿಸೋದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ. ಮೊದಲು ಅದರ ವಲಯದ ಆಯ್ಕೆ, ಆಮೇಲೆ ವಲಯಗಳ ನಡುವಿನ ಪಂದ್ಯ. ಅಲ್ಲಿಂದ ಮುಂದೆ 16 ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19 ವರ್ಷದೊಳಗಿನವರಿಗೆ ಕೂಚ್ ಬೆಹಾರ್ ಟ್ರೋಫಿ. ನಾವು ದುಡ್ಡು ಕಟ್ಟಿ ತಂದ ಸರ್ಟಿಫಿಕೇಟು ಈ ದಾರಿಯಲ್ಲಿ ಒಂದು ಮೆಟ್ಟಿಲೂ ಅಲ್ಲ.

ಕೋಚ್‌ಗಳೂ ಬದುಕಬೇಕು ನೋಡ್ರಿ. ನೆಟ್ಸು, ಮ್ಯಾಟು, ಬಾಲು ಎಲ್ಲದಕ್ಕೂ ಖರ್ಚಿದೆ. ಕಲಿಸಿದ್ದಕ್ಕೆ ಫೀ ತಗೊಳ್ಳಲಿ, ಸಂತೋಷವಾಗಿ ಕೊಡೋಣ. ಆಯ್ಕೆ ಮಾಡಿಸ್ತೀವಿ ಅಂತ ಆಸೆ ಮಾರಬಾರದು.

ಅದಕ್ಕೇ ದುಡ್ಡು ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳಿ. ಈ ಟೂರ್ನಿ ನಡೆಸೋರು ಯಾರು? ರಾಜ್ಯ ಸಂಸ್ಥೆಯ ಮಾನ್ಯತೆ ಇದೆಯಾ? ನನ್ನ ಮಗ ಎಷ್ಟು ಪಂದ್ಯ ಆಡ್ತಾನೆ? ಉತ್ತರವನ್ನು ಬರವಣಿಗೆಯಲ್ಲಿ ಕೇಳಿ.

ಮಗ ಈಗಲೂ ಆಡ್ತಾನೆ, ಶಾಲೆಯ ತಂಡದಲ್ಲಿ. ಮಗಳು ಈ ಜೂನ್‌ನಲ್ಲಿ ಕ್ಲಾಸಿಗೆ ಸೇರಿದಳು, ಒಂದು ವರ್ಷ ತಡವಾಗಿ. ನಿಮ್ಮ ಮನೆಯಲ್ಲೂ 'ಹೂಂ' ಅಂದು ಸುಮ್ಮನಾದವರು ಇದ್ದಾರಾ, ಒಮ್ಮೆ ನೋಡಿ.