ಸಣ್ಣ ಚಿತ್ರಶಾಲೆಯೂ ಊರಿನ ಬಾಳೂ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ಸಾಂಸ್ಕೃತಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಬಾಳನ್ನು ಕಂಡ ಈ ದೇವಾಲಯದ ಅಂಗಳದಲ್ಲಿ ನಿಂತು ನಾಲ್ಕು ಮಾತುಗಳನ್ನಾಡುವ ಅವಕಾಶವನ್ನಿತ್ತುದಕ್ಕಾಗಿ ನಾವು ಕೃತಜ್ಞರು. ನಾವು ದೊಡ್ಡ ಸಂಸ್ಥೆಯವರಲ್ಲ. ಕರಾವಳಿಯ ಸಣ್ಣ ಪೇಟೆಯೊಂದರಲ್ಲಿ, ಹಂಚಿನ ಮಾಡಿನ ಹಳೆಯ ಮನೆಯ ಚಾವಡಿಯನ್ನೂ ಎರಡು ಕೋಣೆಗಳನ್ನೂ ಬಾಡಿಗೆಗೆ ಹಿಡಿದು ಚಿತ್ರಶಾಲೆ ನಡೆಸುತ್ತಿರುವ ಕೆಲವು ಮಂದಿ ಗೆಳೆಯರು. ನಮಗೆ ಸರಕಾರದ ಅನುದಾನವಿಲ್ಲ. ಬೆನ್ನ ಹಿಂದೆ ಧನಿಕ ಪೋಷಕರೂ ಇಲ್ಲ. ಚಿತ್ರಶಾಲೆಯಿಂದ ಊರಿಗೇನು ಪ್ರಯೋಜನ ಎಂಬುದು ನಮಗೆ ಕೊಟ್ಟಿರುವ ವಿಷಯ. ಅನ್ನಕ್ಕೂ ಔಷಧಕ್ಕೂ ದುಡ್ಡು ಹೊಂದಿಸುವುದೇ ಕಷ್ಟವಾಗಿರುವ ಮನೆಗಳು ನಮ್ಮ ನಡುವೆ ಇರುವಾಗ ಈ ಪ್ರಶ್ನೆ ನ್ಯಾಯವಾದುದೇ.

ಚಿತ್ರ ನೋಡುವುದು ಸಿರಿವಂತರ ಹವ್ಯಾಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನಮ್ಮ ಕರಾವಳಿಯ ಅನುಭವ ಹಾಗೆ ಹೇಳುವುದಿಲ್ಲ. ೧೮೫೪ರಲ್ಲಿ ಇಟಲಿಯ ಬೆರ್ಗಾಮೋ ಸಮೀಪ ಜನಿಸಿದ ಯೇಸುಸಭೆಯ ಸಹೋದರ ಅಂತೋನಿಯೋ ಮೊಸ್ಕೇನಿಯವರು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮಂಗಳೂರಿಗೆ ಬಂದು, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆಗಳನ್ನೂ ಮಾಡನ್ನೂ ಚಿತ್ರಗಳಿಂದ ತುಂಬಿದರು. ಹಸಿ ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಬೇಕಾದ ಭಿತ್ತಿಚಿತ್ರದ ಕೆಲಸ ಅದು. ಇಷ್ಟು ಮಳೆ ಬೀಳುವ ನಾಡಿನಲ್ಲಿ ಸುಲಭದ್ದಲ್ಲ. ಅವರು ೧೯೦೫ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ತೇವದಿಂದ ಹಾಳಾಗುತ್ತಿದ್ದ ಆ ಚಿತ್ರಗಳನ್ನು ೧೯೯೦ರ ದಶಕದಲ್ಲಿ ಇನ್‌ಟ್ಯಾಕ್ ಸಂಸ್ಥೆಯ ತಜ್ಞರು ಜೀರ್ಣೋದ್ಧಾರ ಮಾಡಿದರು. ಅಕ್ಷರ ಬಾರದವರೂ ಅಲ್ಲಿ ತಲೆಯೆತ್ತಿ ನಿಂತು ಚಿತ್ರ ನೋಡಿದ್ದಾರೆ. ಬಾಗಿಲು ತೆರೆದಿದ್ದರೆ ಜನ ನೋಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೀಗಿದ್ದೂ ನಮ್ಮ ಊರುಗಳಲ್ಲಿ ಹುಟ್ಟಿದ ಕಲಾವಿದರು ಹೊರಗೆ ಹೋಗಿಯೇ ಹೆಸರು ಗಳಿಸಬೇಕಾಯಿತು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರಿಗೆ ಮುಂಬಯಿಯೇ ಕರ್ಮಭೂಮಿಯಾಯಿತು. ಅಲ್ಲಿ ಕೇಕೂ ಗಾಂಧಿ ಎಂಬ ಪಾರ್ಸಿ ಮಹನೀಯರು ೧೯೪೧ರಲ್ಲಿ 'ಕೆಮೌಲ್ಡ್' ಎಂಬ ಹೆಸರಿನಲ್ಲಿ ಚೌಕಟ್ಟು ತಯಾರಿಸುವ ವ್ಯಾಪಾರವನ್ನು ಆರಂಭಿಸಿದ್ದರು. ಹೆಬ್ಬಾರ, ಆರಾ, ಹುಸೇನ್ ಮುಂತಾದವರ ಚಿತ್ರಗಳನ್ನು ಅವರು ತಮ್ಮ ಮಳಿಗೆಯ ಗಾಜಿನ ಕಿಟಕಿಯಲ್ಲಿಟ್ಟು ದಾರಿಹೋಕರಿಗೆ ತೋರಿಸಿದರು. ೧೯೬೩ರಲ್ಲಿ ಪತ್ನಿ ಖುರ್ಷಿದ್ ಅವರೊಡಗೂಡಿ ಜಹಾಂಗೀರ್ ಆರ್ಟ್ ಗ್ಯಾಲರಿಯ ಮಹಡಿಯ ಮೇಲೆ ಸಣ್ಣದೊಂದು ಚಿತ್ರಶಾಲೆಯನ್ನೇ ತೆರೆದರು. ೧೯೯೨-೯೩ರ ಗಲಭೆಗಳ ತರುವಾಯ ಮೊಹಲ್ಲಾ ಶಾಂತಿ ಸಮಿತಿಗಳಲ್ಲಿ ದುಡಿದವರಲ್ಲಿ ಇದೇ ಕೇಕೂ ಗಾಂಧಿಯವರೂ ಒಬ್ಬರು. ಚಿತ್ರ ತೂಗುಹಾಕುವವನಿಗೆ ನೆರೆಹೊರೆಯ ಹೊಣೆಯೂ ಇದೆಯೆಂಬುದನ್ನು ಅವರು ಬಾಳಿ ತೋರಿಸಿದರು.

ಇಂಥ ಇನ್ನೆರಡು ನಿದರ್ಶನಗಳಿವೆ. ೧೯೬೬ರಲ್ಲಿ ಮದರಾಸಿನ ಹೊರಗೆ ಕೆ. ಸಿ. ಎಸ್. ಪಣಿಕ್ಕರರ ಮುಂದಾಳುತನದಲ್ಲಿ ಚೋಳಮಂಡಲವೆಂಬ ಕಲಾವಿದರ ಗ್ರಾಮ ಹುಟ್ಟಿತು. ಚಿತ್ರಗಳನ್ನು ಕೊಳ್ಳುವವರಿಲ್ಲದ ಕಾಲದಲ್ಲಿ ಆ ಕಲಾವಿದರು ಬಾಟಿಕ್ ಬಟ್ಟೆಗಳನ್ನೂ ಚರ್ಮದ ಸಾಮಾನುಗಳನ್ನೂ ಮಾಡಿ ಮಾರಿ, ಆ ಗಳಿಕೆಯ ಬಲದಿಂದ ತಮಗೆ ಸರಿಕಂಡ ಚಿತ್ರಗಳನ್ನೇ ಬರೆದರು. ನಮ್ಮ ರಾಜಧಾನಿಯ ಶಾಂತಿನಗರದಲ್ಲಿ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಅವರು ೨೦೦೩ರಲ್ಲಿ ಆರಂಭಿಸಿದ '೧ ಶಾಂತಿರೋಡ್' ಮರವೊಂದನ್ನು ಉಳಿಸಿಕೊಂಡು ಅದರ ಸುತ್ತ ಕಟ್ಟಿದ ತಾಣ. ಅಲ್ಲಿ ಪ್ರದರ್ಶನದಷ್ಟೇ ಮಾತುಕತೆಗೂ ಸಹಭೋಜನಕ್ಕೂ ಬೆಲೆಯಿದೆ.

ಇನ್ನು ನಮ್ಮ ಲೆಕ್ಕಪತ್ರವನ್ನು ನಿಮ್ಮ ಮುಂದಿಡುತ್ತೇವೆ. ಒಂದು ಚಿತ್ರ ೯,೦೦೦ ರೂಪಾಯಿಗೆ ಮಾರಾಟವಾದರೆ ೬,೦೦೦ ಕಲಾವಿದನಿಗೆ, ೩,೦೦೦ ಚಿತ್ರಶಾಲೆಗೆ. ಮಹಾನಗರಗಳ ದೊಡ್ಡ ಚಿತ್ರಶಾಲೆಗಳು ಅರ್ಧದಷ್ಟನ್ನು ಇಟ್ಟುಕೊಳ್ಳುವುದೂ ಉಂಟು. ನಮ್ಮ ಪಾಲಿನಿಂದಲೇ ದೀಪ, ಆಮಂತ್ರಣ ಪತ್ರಿಕೆ, ಸಾಗಾಟ, ಚಹಾ ಎಲ್ಲವೂ ನಡೆಯಬೇಕು. ಒಂದು ಚಿತ್ರವೂ ಮಾರಾಟವಾಗದ ತಿಂಗಳುಗಳೇ ಹೆಚ್ಚು. ಹಾಗಾದರೆ ಬಾಡಿಗೆ ಎಲ್ಲಿಂದ? ಹಿಂಬದಿಯ ಕೋಣೆಯಲ್ಲಿ ಚೌಕಟ್ಟು ಕಟ್ಟುತ್ತೇವೆ. ಮದುವೆಯ ಫೋಟೋ, ಅಗಲಿದ ತಂದೆತಾಯಿಯರ ಭಾವಚಿತ್ರ, ಮಕ್ಕಳ ಪದವಿಪತ್ರ, ಸಂತರ ಪಟ ಇವುಗಳ ಚೌಕಟ್ಟೇ ಚಿತ್ರಶಾಲೆಯ ಒಲೆಯನ್ನು ಉರಿಸುತ್ತಿದೆ.

ಮಳೆಗಾಲ ನಮ್ಮ ಪಾಲಿಗೆ ಅಗ್ನಿಪರೀಕ್ಷೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ನಾಡಿನಲ್ಲಿ ಕಾಗದದ ಚಿತ್ರಕ್ಕೆ ಬೂಷ್ಟು ಹಿಡಿಯಲು ತಡವಾಗದು. ಹೊರಗೋಡೆಗೆ ಚಿತ್ರ ತೂಗಿಸಬಾರದು; ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡುಗಳನ್ನಂಟಿಸಿ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುವಂತೆ ಮಾಡಬೇಕು; ಗಾಜು ಚಿತ್ರದ ಮೈಗೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚು ಕೂರಿಸಬೇಕು. ನಿಮ್ಮ ಮನೆಯ ಹಳೆಯ ಫೋಟೋಗಳಿಗೂ ಈ ಮಾತು ಅನ್ವಯಿಸುತ್ತದೆ.

ಗೋಡೆಯ ಮೇಲೆ ಚಿತ್ರ ತೂಗಿಸಿದ ಮಾತ್ರಕ್ಕೆ ಜನ ಬರುವುದಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಕಳಚಿ, "ನಮ್ಮಂಥವರು ಒಳಗೆ ಬರಬಹುದೇ?" ಎಂದು ಕೇಳಿದವರನ್ನು ಕಂಡಿದ್ದೇವೆ. ಆ ಸಂಕೋಚ ಅಳಿಯಲೆಂದೇ ಚಿತ್ರಶಾಲೆಗಳಲ್ಲಿ ವಾಡಿಕೆಯಿಲ್ಲದ ಕೆಲವು ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿದ್ದೇವೆ. ಮೇ ತಿಂಗಳ ಕೊನೆಯ ಭಾನುವಾರ ಕೊಡೆ ರಿಪೇರಿಯವರನ್ನು ಚಾವಡಿಯಲ್ಲಿ ಕುಳ್ಳಿರಿಸುತ್ತೇವೆ. ಕೊಡೆ ಸರಿಯಾಗುವ ತನಕ ಕಾಯಬೇಕಲ್ಲ? ಕಾಯುವವರ ಕಣ್ಣು ತಾನಾಗಿಯೇ ಗೋಡೆಯತ್ತ ಹೊರಳುತ್ತದೆ. ಇನ್ನೊಮ್ಮೆ ಮಲ್ಲಿಗೆ ಕಟ್ಟುವ ತಾಯಂದಿರನ್ನು ಕರೆದೆವು. ಎಂಟುನೂರು ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ ಎಂಬ ಶಂಕರಪುರ ಮಲ್ಲಿಗೆಯ ಲೆಕ್ಕ ನಿಮಗೆ ಗೊತ್ತು. ಬಾಳೆನಾರಿನಲ್ಲಿ ಆ ಬೆರಳುಗಳು ಓಡಾಡುವುದನ್ನು ನೋಡುತ್ತ ನಮ್ಮ ಯುವ ಕಲಾವಿದರು ರೇಖಾಚಿತ್ರಗಳನ್ನು ಬರೆದರು. ಸಂಜೆ ಆ ಚಿತ್ರಗಳ ಮುಂದೆ ನಿಂತ ಒಬ್ಬ ತಾಯಿ, "ನಲುವತ್ತು ವರ್ಷದಿಂದ ಕಟ್ಟುತ್ತಿದ್ದೇನೆ, ನನ್ನ ಕೈಯನ್ನು ನಾನೇ ನೋಡಿರಲಿಲ್ಲ" ಎಂದರು.

ಮಗದೊಂದು ಸಲ ಹಳೆಯ ಹಂಚುಗಳನ್ನು ಒಟ್ಟುಗೂಡಿಸಿದೆವು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಅದನ್ನು ಅನುಸರಿಸಿ ಅನೇಕ ಕಾರ್ಖಾನೆಗಳು ಹುಟ್ಟಿದವು. ಒಂದೊಂದರ ಹಂಚಿಗೂ ತನ್ನದೇ ಮುದ್ರೆ. ನಿವೃತ್ತ ಕಾರ್ಮಿಕರು ಬಂದು ಆ ಮುದ್ರೆಗಳನ್ನು ಬೆರಳಿನಿಂದ ಸವರಿ, ಆವೆಯ ಬಿಸಿಯನ್ನೂ ವಾರದ ಬಟವಾಡೆಯನ್ನೂ ನೆನೆದರು. ಅಂದು ಅವರೇ ನಮಗೆ ಉಪನ್ಯಾಸಕರು.

ಇವೆಲ್ಲಕ್ಕಿಂತ ಮನಸ್ಸಿನಲ್ಲಿ ನಿಂತುದು 'ಮನೆಗೊಂದು ವಸ್ತು' ಎಂಬ ಕಾರ್ಯಕ್ರಮ. ಪ್ರತಿ ಮನೆಯಿಂದ ಒಂದು ಹಳೆಯ ಸಾಮಾನು ತಂದು ಅದರ ಕಥೆ ಹೇಳಬೇಕು. ಹಿರಿಯರೊಬ್ಬರು ಗೇಣಿ ಅಕ್ಕಿ ಅಳೆಯುವ ಕಳಸೆಯನ್ನು ತಂದರು. ೧೯೭೪ರ ಭೂಸುಧಾರಣೆಯ ತನಕ ಅವರ ತಂದೆ ಒಡೆಯರ ಅಂಗಳದಲ್ಲಿ ಅಕ್ಕಿ ಅಳೆದು ಕೊಡುತ್ತಿದ್ದರು. ಅದೇ ಒಡೆಯರ ಮೊಮ್ಮಗನೂ ಸಭೆಯಲ್ಲಿದ್ದರು. ಭೂಮಿ ಕೈಬಿಟ್ಟ ಮೇಲೆ ಆ ಎರಡು ಮನೆಗಳ ನಡುವೆ ಮಾತುಕತೆ ಇರಲಿಲ್ಲ. ಮೊಮ್ಮಗ ಎದ್ದು ಬಂದು ಕಳಸೆಯನ್ನು ಕೈಗೆತ್ತಿಕೊಂಡು, "ನಮ್ಮಲ್ಲಿ ಇದಕ್ಕಿಂತ ದೊಡ್ಡದೊಂದಿತ್ತು, ತೆಗೆದುಕೊಳ್ಳುವಾಗ ಅದರಲ್ಲಿ ಅಳೆಯುತ್ತಿದ್ದರಂತೆ" ಎಂದರು. ಸಭೆ ಸ್ತಬ್ಧವಾಯಿತು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮಗೂ ಗೊತ್ತಿತ್ತು ಮಗಾ, ಕುಳಿತುಕೋ" ಎಂದರು. ಆ ದಿನ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಚಹಾ ಕುಡಿದರು. ನ್ಯಾಯಾಲಯಕ್ಕೂ ಪಂಚಾಯತಿಗೂ ಎಟುಕದ ಮಾತು ಒಂದು ಮರದ ಅಳತೆಯ ಮುಂದೆ ಬಾಯಿಗೆ ಬಂತು.

ಇದು ಚಿತ್ರಶಾಲೆಯೋ ಸಂತೆಯೋ ಎಂದು ಆಕ್ಷೇಪಿಸಿದ ಕಲಾವಿದರೂ ಇದ್ದಾರೆ. ಸಂತೆಯೆಂದರೆ ಕೀಳೆಂದು ನಮಗೆ ತೋರುವುದಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ 'ಚಿತ್ರಸಂತೆ'ಯಲ್ಲಿ ಸಾವಿರಕ್ಕೂ ಮಿಕ್ಕಿದ ಕಲಾವಿದರು ಬೀದಿಬದಿಯಲ್ಲೇ ಕುಳಿತು ಜನರನ್ನು ಎದುರುಗೊಳ್ಳುತ್ತಾರೆ. ಆದರೂ ಆಕ್ಷೇಪದಲ್ಲಿ ಒಂದು ಸತ್ಯಾಂಶವಿದೆ: ಗದ್ದಲದಲ್ಲಿ ಚಿತ್ರ ಮರೆಯಾಗಬಾರದು. ಆದ್ದರಿಂದ ಯಾವ ಕಾರ್ಯಕ್ರಮಕ್ಕಾಗಿಯೂ ಗೋಡೆಯ ಚಿತ್ರವನ್ನು ಕೆಳಗಿಳಿಸುವುದಿಲ್ಲ. ಸಮಾರಂಭಗಳಿಗೆ ಚಾವಡಿಯನ್ನು ಬಾಡಿಗೆಗೆ ಕೊಡುವುದಿಲ್ಲ. ವಾರದಲ್ಲಿ ಒಂದು ಅಪರಾಹ್ನ ಯಾವ ಕಾರ್ಯಕ್ರಮವೂ ಇಲ್ಲದೆ, ಒಬ್ಬರೇ ಬಂದು ಮೌನವಾಗಿ ನೋಡುವವರಿಗಾಗಿ ಬಾಗಿಲು ತೆರೆದಿಡುತ್ತೇವೆ.

ನಮ್ಮ ಬಾಡಿಗೆಯ ಕರಾರು ಮುಂದಿನ ವರ್ಷ ಮುಗಿಯುತ್ತದೆ. ಮನೆಯೊಡೆಯರು ಅಲ್ಲಿ ಅಂಗಡಿಮಳಿಗೆ ಕಟ್ಟಿಸುವವರಿದ್ದಾರೆ. ಅದು ಅವರ ಹಕ್ಕು. ನಾವು ಇನ್ನೊಂದು ಚಾವಡಿಯನ್ನು ಹುಡುಕುತ್ತೇವೆ, ಸಿಕ್ಕೀತು, ಸಿಗದೆಯೂ ಇದ್ದೀತು. ಆದರೆ ಈ ಕೆಲಸಕ್ಕೆ ಒಂದೇ ಕಟ್ಟಡ ಬೇಕೆಂದಿಲ್ಲ. ಶಾಲೆಯ ಒಂದು ಕೋಣೆ, ವಾರ್ಡಿನ ಒಂದು ಮನೆಯ ಜಗಲಿ, ಎರಡು ದೀಪ, ಹತ್ತು ಮೊಳೆಗಳಿದ್ದರೂ ಒಂದು ಭಾನುವಾರದ ಚಿತ್ರಶಾಲೆ ಆಗಬಲ್ಲುದು. ಚಿತ್ರ ಬರೆಯುವ ಒಬ್ಬ ಹುಡುಗನೋ ಹುಡುಗಿಯೋ ನಿಮ್ಮ ವಾರ್ಡಿನಲ್ಲಿ ಇದ್ದೇ ಇರುತ್ತಾರೆ. ಅವರ ಚಿತ್ರವನ್ನು ಊರಿನವರು ನಿಂತು ನೋಡಿದರೆ ಅದೇ ಅವರಿಗೆ ಮೊದಲ ಪ್ರಶಸ್ತಿ.

ಕೊನೆಯದಾಗಿ ಒಂದು ಬಿನ್ನಹ. ಶತಮಾನೋತ್ಸವಗಳ ಸಂಭ್ರಮದಲ್ಲಿ ಹಳೆಯ ಕಟ್ಟಡಗಳು ಹೊಸದಾಗುವಾಗ ಮರದ ಕೆತ್ತನೆಗಳೂ ಮಾಸಿದ ಪಟಗಳೂ ಕಸೂತಿಯ ಬಾವುಟಗಳೂ ಅಟ್ಟ ಸೇರುವುದುಂಟು, ಗುಜರಿಗೆ ಹೋಗುವುದೂ ಉಂಟು; ಹಳೆಯ ಬಣ್ಣದ ಮೇಲೆ ಹೊಳೆಯುವ ಎನಾಮಲ್ ಬಳಿಯುವುದೂ ಉಂಟು. ದಯವಿಟ್ಟು ಅವಸರಪಡಬೇಡಿ. ಬಲ್ಲವರಿಗೊಮ್ಮೆ ತೋರಿಸಿ; ಒಣಗಿದ ಜಾಗದಲ್ಲಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿ ಇಡಿ; ಯಾರು ಮಾಡಿದ್ದು, ಯಾರು ಕೊಟ್ಟದ್ದು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು. ನೂರು ವರ್ಷಗಳ ಹಿಂದಿನ ಕೈಗಳು ಮಾಡಿಟ್ಟುದನ್ನು ಮುಂದಿನ ನೂರು ವರ್ಷಗಳ ಕಣ್ಣುಗಳಿಗೆ ತಲುಪಿಸುವ ಭಾರ ಈಗ ನಮ್ಮ ನಿಮ್ಮೆಲ್ಲರ ಮೇಲಿದೆ.