ನಿರುದ್ಯೋಗವೂ ಸ್ವಂತ ಕಾಯಕವೂ

(ಶ್ರೀಮಠದ ಪ್ರಸಾದನಿಲಯದ ವಜ್ರಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಮಹೋತ್ಸವದಲ್ಲಿ ಮಾತನಾಡುವವರೆಲ್ಲರೂ ವಿದ್ವಾಂಸರು. ನಾನಾದರೋ ಇದೇ ಪ್ರಸಾದನಿಲಯದ ಅನ್ನವನ್ನುಂಡು ಬಿ. ಎ. ಮುಗಿಸಿ, ಆ ಬಳಿಕ ಕೈಗೆ ಮಸಿ ಹಚ್ಚಿಕೊಂಡು ಬದುಕಿದವನು. “ನಿರುದ್ಯೋಗದ ಕಾಲದಲ್ಲಿ ಸ್ವಂತ ಉದ್ಯೋಗ” ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಯಿತು. ಅಪ್ಪಣೆಯನ್ನು ಮೀರಲಾರದೆ ನಿಮ್ಮ ಮುಂದೆ ನಿಂತಿರುವೆನು.

ನಮ್ಮ ಮಕ್ಕಳ ಸ್ಥಿತಿಯನ್ನು ಕಣ್ಣಾರೆ ಕಾಣಬೇಕೆನ್ನುವವರು ಧಾರವಾಡದ ಸಪ್ತಾಪುರಕ್ಕೆ ಹೋಗಿ ನೋಡಬೇಕು. ಪರೀಕ್ಷೆಗಳಿಗೆ ಸಿದ್ಧಗೊಳಿಸುವ ತರಗತಿಗಳು ಅಲ್ಲಿ ಬೀದಿಬೀದಿಗೂ ಇರುವುವು. ಹೊಲ ಒತ್ತೆಯಿಟ್ಟು ತಂದೆ ಕಳುಹಿಸಿದ ಹಣದಲ್ಲಿ ಬಾಡಿಗೆಯ ಕೋಣೆ ಹಿಡಿದು, ಯೌವನದ ನಾಲ್ಕಾರು ವರ್ಷಗಳನ್ನು ಒಂದು ಹುದ್ದೆಯ ನಿರೀಕ್ಷೆಯಲ್ಲಿ ಕಳೆಯುವ ತರುಣರು ಅಲ್ಲಿ ಸಾವಿರಗಟ್ಟಲೆ ಇದ್ದಾರೆ. ೨೦೨೧ನೆಯ ಇಸವಿಯಲ್ಲಿ ನಮ್ಮ ರಾಜ್ಯದಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರರ ೫೪೫ ಸ್ಥಾನಗಳಿಗಾಗಿ ೫೪ ಸಾವಿರ ಮಂದಿ ಪರೀಕ್ಷೆ ಬರೆದರು. ಎಂದರೆ ಒಂದು ಕುರ್ಚಿಗೆ ನೂರು ಜನ. ಆ ಪರೀಕ್ಷೆಯೂ ಅಕ್ರಮದ ಕಾರಣದಿಂದ ಮರುವರ್ಷವೇ ರದ್ದಾಯಿತು. ಇದು ನಮ್ಮ ನಾಡೊಂದರ ಸಂಗತಿಯಲ್ಲ. ೨೦೧೭-೧೮ರಲ್ಲಿ ಕೇಂದ್ರ ಸರಕಾರವು ಮಾಡಿಸಿದ ಗಣತಿಯಂತೆ, ದುಡಿಯಲು ಸಿದ್ಧರಿದ್ದ ೧೫ರಿಂದ ೨೯ ವಯಸ್ಸಿನವರಲ್ಲಿ ಶೇಕಡಾ ಸುಮಾರು ೧೮ ಮಂದಿಗೆ ಕೆಲಸವಿರಲಿಲ್ಲ. ಅದರ ಮೇಲೆ ೨೦೨೦ರಲ್ಲಿ ಮಹಾಮಾರಿಯು ಬಂದೊದಗಿತು. ಆ ವರ್ಷದ ಏಪ್ರಿಲಿನಿಂದ ಜೂನಿನವರೆಗೆ ದೇಶದ ಪಟ್ಟಣಗಳಲ್ಲಿ ದುಡಿಯಬಲ್ಲ ಐವರಲ್ಲೊಬ್ಬನು ಕೆಲಸವಿಲ್ಲದೆ ಕುಳಿತನು. ಪುಣೆ, ಗೋವೆ, ಬೆಂಗಳೂರುಗಳಿಂದ ಗಂಟುಮೂಟೆ ಹೊತ್ತು ಊರಿಗೆ ಮರಳಿದವರನ್ನು ನಾವೆಲ್ಲರೂ ಕಂಡಿದ್ದೇವೆ.

ಈ ಸ್ಥಿತಿಗೆ ವಿದ್ಯೆಯೇ ಕಾರಣವೆಂದು ಕೆಲವರು ಹೇಳುವುದುಂಟು. ಅದನ್ನು ನಾನು ಒಪ್ಪಲಾರೆನು. ೧೯೦೪ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳವರ ಪ್ರೇರಣೆಯಿಂದ ಮಹಾಸಭೆಯು ಹುಟ್ಟಿದಂದಿನಿಂದಲೂ, ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದಂದಿನಿಂದಲೂ, ನಮ್ಮ ಮಠಗಳು ಊರೂರಿನಲ್ಲಿ ಪ್ರಸಾದನಿಲಯಗಳನ್ನು ತೆರೆದು ಹಳ್ಳಿಯ ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದವು. ಅದಿಲ್ಲದಿದ್ದರೆ ನನ್ನಂಥವರು ಹೆಬ್ಬೆಟ್ಟನ್ನೊತ್ತಿ ಸಾಯಬೇಕಾಗಿತ್ತು. ತಪ್ಪಾದುದು ಮತ್ತೊಂದೆಡೆಯಲ್ಲಿ. ವಿದ್ಯೆಯೆಂದರೆ ನೌಕರಿ, ನೌಕರಿಯೆಂದರೆ ಮರ್ಯಾದೆ ಎಂಬ ಸಮೀಕರಣವನ್ನು ನಾವು ಮನೆಮನೆಗಳಲ್ಲಿ ಮಾಡಿಕೊಂಡೆವು. “ನಾನಂತೂ ಕೆಸರು ತುಳಿದೆ, ನೀನಾದರೂ ಕುರ್ಚಿಯ ಮೇಲೆ ಕುಳಿತುಕೋ” ಎಂದು ಪ್ರೀತಿಯಿಂದಲೇ ಹೇಳಿದೆವು. ಕುರ್ಚಿಗಳು ಮುಗಿದುಹೋದಾಗ ಮಗನಿಗೆ ಕೆಸರಿನ ದಾರಿಯೂ ಮರೆತಿತ್ತು.

ಇಂಥ ಸಮಯದಲ್ಲಿ ಶರಣರ ಬಾಳನ್ನು ಸ್ಮರಿಸುವುದು ನಮಗೆ ಸಹಜವಾದುದು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿದರು. ಮೇದಾರ ಕೇತಯ್ಯನವರು ಬಿದಿರಿನ ಬುಟ್ಟಿ ಹೆಣೆದರು. ಕದಿರ ರೆಮ್ಮವ್ವೆ ನೂಲು ತೆಗೆದಳು. ಕೊಟ್ಟಣದ ಸೋಮಮ್ಮ ಬತ್ತ ಕುಟ್ಟಿದಳು. ಇವರಲ್ಲಿ ಯಾರೂ ಒಬ್ಬ ಒಡೆಯನ ಬಾಗಿಲಲ್ಲಿ ಅರ್ಜಿ ಹಿಡಿದು ಕಾದವರಲ್ಲ. ಹಾಗೆಂದು ಶರಣರು ನೌಕರಿಯನ್ನು ಹಳಿದರೆಂದು ತಿಳಿಯಲಾಗದು. ಬಸವಣ್ಣನವರೇ ಬಿಜ್ಜಳನ ಭಂಡಾರಿಗಳಾಗಿದ್ದರಷ್ಟೆ! ಭಂಡಾರದ ಲೆಕ್ಕವೂ ಹಗ್ಗದ ಹೊಸೆತವೂ ಅವರ ದೃಷ್ಟಿಯಲ್ಲಿ ಒಂದೇ ತೂಕದವು. ಇನ್ನೊಂದು ಮಾತನ್ನು ಮರೆಯಕೂಡದು. ಕಾಯಕವೆಂದರೆ ಹುಟ್ಟಿನಿಂದ ಅಂಟಿದ ಜಾತಿಯ ಕಸುಬಲ್ಲ. ಕಾಶ್ಮೀರದ ಅರಸನೇ ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆ ಮಾರುವ ಮೋಳಿಗೆಯ ಮಾರಯ್ಯನಾದನೆಂದು ನಮ್ಮ ಪರಂಪರೆಯು ಹೇಳುತ್ತದೆ. ಅರಸನಾದವನು ಸೌದೆಯ ಹೊರೆಯನ್ನು ಹೊರಬಹುದಾದರೆ ಪದವೀಧರನಾದವನು ಏನನ್ನು ತಾನೇ ಹೊರಬಾರದು?

ಆದರೆ ಶರಣಬಂಧುಗಳೇ, ಇಲ್ಲಿಯೇ ನಾನು ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಕೆಲಸ ಸಿಕ್ಕದ ಹುಡುಗನಿಗೆ “ಏನಾದರೂ ಸ್ವಂತದ್ದು ಮಾಡಿಕೋ, ಕಾಯಕದಲ್ಲಿ ಕೈಲಾಸವಿದೆ” ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದು ಧರ್ಮವಲ್ಲ. ದೇಶದಲ್ಲಿ ದುಡಿಯುವವರ ಪೈಕಿ ಸ್ವಂತ ಉದ್ಯೋಗದವರು ೨೦೧೭-೧೮ರಲ್ಲಿ ಶೇಕಡಾ ೫೨ ಇದ್ದವರು ೨೦೨೩-೨೪ರಲ್ಲಿ ೫೮ನ್ನು ಮೀರಿದರು. ಇದನ್ನು ಕೇಳಿದೊಡನೆ ಸಂತೋಷಪಡುವಂತಿಲ್ಲ. ಏಕೆಂದರೆ ಆ ೫೮ರಲ್ಲಿ ಸುಮಾರು ೧೯ ಮಂದಿ ಮನೆಯ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಸಂಬಳವಿಲ್ಲದೆ ಕೈಗೂಡಿಸುವವರು. ಇಬ್ಬರು ಮಾಡುವ ಕೆಲಸವನ್ನು ನಾಲ್ವರು ಹಂಚಿಕೊಂಡರೆ ಗಣತಿಯಲ್ಲಿ ನಿರುದ್ಯೋಗವು ಕಡಮೆಯಾದೀತು; ಒಲೆಯ ಮೇಲಿನ ಗಡಿಗೆಯಲ್ಲಿ ಅನ್ನವು ಹೆಚ್ಚಾಗದು. ಬೇರೆ ದಾರಿಯಿಲ್ಲದೆ ಬಿದ್ದ ಕೆಲಸಕ್ಕೂ, ಕಲಿತು ಆರಿಸಿಕೊಂಡ ಕಾಯಕಕ್ಕೂ ಬಹಳ ಅಂತರವಿದೆ. ಮೊದಲನೆಯದನ್ನು ಎರಡನೆಯದನ್ನಾಗಿ ಮಾಡುವ ಬಗೆ ಹೇಗೆಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ನಾನು ಪುಸ್ತಕದಲ್ಲಿ ಕಲಿಯಲಿಲ್ಲ. ಇದೇ ಮಠದಲ್ಲಿ ಕಲಿತೆನು. ಆದುದರಿಂದ ನನ್ನದೊಂದು ಮಾತನ್ನು ಹೇಳಲು ಕ್ಷಮೆಯಿರಲಿ.

ನಾನು ೧೯೭೯ರಲ್ಲಿ ಬಿ. ಎ. ತೇರ್ಗಡೆಯಾಗಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಯಿಸಿದೆನು. ಮೂರು ವರ್ಷ ಟಪಾಲಿನವನ ದಾರಿ ಕಾದೆನು. ಕಡೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ನೀರೆತ್ತುವ ಪಂಪಿನ ಸುಟ್ಟ ಮೋಟಾರಿಗೆ ಮತ್ತೆ ತಂತಿ ಸುತ್ತುವ ಕೆಲಸವನ್ನು ಕಲಿತೆನು. ನಮ್ಮ ಭಾಗದಲ್ಲಿ ಆಗ ವಿದ್ಯುತ್ತಿನ ಏರುಪೇರಿನಿಂದ ಬೇಸಗೆ ಬಂತೆಂದರೆ ಮೋಟಾರುಗಳು ಸುಡುತ್ತಲೇ ಇದ್ದವು. ಊರಿಗೆ ಮರಳಿ ಅಂಗಡಿ ತೆರೆದೆನು. ಹದಿನೈದು ದಿನ ಕಳೆದರೂ ಒಬ್ಬನೂ ಬರಲಿಲ್ಲ. “ಓದಿದವನು ತಂತಿ ಸುತ್ತಲು ಕುಳಿತನಲ್ಲ” ಎಂದು ಬಂಧುಗಳು ಮರುಗಿದರು; “ಓದಿದವನಿಗೆ ತಂತಿಯ ಕೆಲಸ ಬಂದೀತೆ” ಎಂದು ರೈತರು ಸಂಶಯಪಟ್ಟರು.

ಹದಿನಾರನೆಯ ದಿನ ಒಂದು ಚಕ್ಕಡಿ ಬಂದು ಅಂಗಡಿಯ ಮುಂದೆ ನಿಂತಿತು. ಅದರಲ್ಲಿ ಈ ಮಠದ ಬಾವಿಯ ಮೋಟಾರು ಇತ್ತು. ಅಂದಿನ ಹಿರಿಯ ಶ್ರೀಗಳವರು, ಈಗ ಲಿಂಗೈಕ್ಯರು, ಅದನ್ನು ಕಳುಹಿಸಿಕೊಟ್ಟಿದ್ದರು. ನಾನು ಮೂರು ದಿನ ಹಗಲಿರುಳು ದುಡಿದು, ಮೋಟಾರನ್ನು ಮಠಕ್ಕೆ ಒಯ್ದು ಕೂಡಿಸಿ, ನೀರು ಬಿದ್ದುದನ್ನು ಕಂಡು ಸಂತೋಷಪಟ್ಟೆನು. ಶ್ರೀಗಳವರು ಕೂಲಿಯೆಷ್ಟಾಯಿತೆಂದು ಕೇಳಿದರು. “ಬೇಡ, ಅಪ್ಪನವರೇ. ಈ ಮಠದ ಅನ್ನವನ್ನುಂಡವನು ನಾನು” ಎಂದೆನು. ಅವರ ಮುಖವು ಗಂಭೀರವಾಯಿತು. “ತಮ್ಮಾ, ನೀನು ಉಂಡುದಕ್ಕೆ ಲೆಕ್ಕವಿಲ್ಲ, ಅದು ದಾಸೋಹ. ನೀನು ದುಡಿದುದಕ್ಕೆ ಲೆಕ್ಕವುಂಟು, ಅದು ಕಾಯಕ. ಎರಡನ್ನೂ ಕಲಸಬೇಡ. ಇಂದು ಮಠವು ನಿನ್ನಿಂದ ಪುಕ್ಕಟೆ ಮಾಡಿಸಿಕೊಂಡರೆ ನಾಳೆ ಊರೆಲ್ಲವೂ ಪುಕ್ಕಟೆ ಕೇಳುವುದು. ಆಗ ನೀನು ದಾಸೋಹಕ್ಕೆ ಏನನ್ನು ತರುವಿ?” ಎಂದು ಹೇಳಿ, ಪೂರ್ಣ ಕೂಲಿಯನ್ನು ಎಣಿಸಿ ಕೊಡಿಸಿದರು. ಮಠದ ಮೋಟಾರನ್ನು ಸರಿಪಡಿಸಿದ ಸುದ್ದಿಯು ಹರಡಿ, ತಿಂಗಳೊಳಗೆ ನನ್ನ ಅಂಗಡಿಯಲ್ಲಿ ಕಾಲಿಡಲು ಸ್ಥಳವಿಲ್ಲದಾಯಿತು.

ನಿರುದ್ಯೋಗಿಗೆ ಬೇಕಾದುದೇನೆಂಬುದು ನನಗೆ ಅಂದು ತಿಳಿಯಿತು. ಉಪದೇಶವನ್ನು ಅವನಿಗೆ ಎಲ್ಲರೂ ಕೊಡುವರು. ಅವನಿಗೆ ದೊರೆಯದಿರುವುದು ನಂಬಿ ಬಂದು, ಕೆಲಸ ಕೊಟ್ಟು, ಕೂಲಿ ಕೊಡುವ ಮೊದಲನೆಯ ಗಿರಾಕಿ.

ಇನ್ನು ತರುಣರಿಗೆ ಎರಡು ಮಾತು. ಮೊದಲನೆಯದು, ಸತ್ಯಶುದ್ಧತೆ. ಹಳೆಯ ಮೋಟಾರನ್ನು ಬಿಚ್ಚುವಾಗ ಸುತ್ತುಗಳನ್ನು ಎಣಿಸಿ, ತಂತಿಯ ದಪ್ಪವನ್ನು ಅಳೆದು, ಅದರಂತೆಯೇ ಹೊಸದನ್ನು ಸುತ್ತಬೇಕು. ಸಣ್ಣ ತಂತಿಯನ್ನು ಸುತ್ತಿದರೆ ತಾಮ್ರ ಉಳಿಯುವುದು. ಮೇಲೆ ವಾರ್ನಿಷ್ ಬಳಿದು ಮುಚ್ಚಿದ ಬಳಿಕ ರೈತನಿಗೆ ಅದು ಕಾಣದು. ಆದರೆ ಮೋಟಾರಿಗೆ ಗೊತ್ತಾಗುವುದು. ಬಿರುಬೇಸಗೆಯಲ್ಲಿ, ಬೆಳೆಗೆ ನೀರು ಬೇಕಾದಾಗಲೇ ಅದು ಸುಡುವುದು. ಕಾಣದ ಕಡೆಯಲ್ಲಿ ಮೋಸ ಮಾಡದಿರುವುದೇ ಕಾಯಕದ ಶುದ್ಧಿ. ಆಯ್ದಕ್ಕಿ ಲಕ್ಕಮ್ಮನು ಪತಿಯು ನಿತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ತಂದ ಜಾಗಕ್ಕೇ ಮರಳಿಸಿದ ಕಥೆಯು ಕೇವಲ ಕಥೆಯಲ್ಲ. ಅದು ವ್ಯಾಪಾರದ ನೀತಿ.

ಎರಡನೆಯದು, ಲೆಕ್ಕ. ಮೊದಲ ವರ್ಷ ನಾನು ಕೇಳಿದವರಿಗೆಲ್ಲ ಉದ್ರಿ ಕೊಟ್ಟೆನು. ಸುಗ್ಗಿಯಲ್ಲಿ ಕೊಡುವೆವೆಂದರು, ಮಳೆ ತಪ್ಪಿ ಸುಗ್ಗಿಯೇ ಬರಲಿಲ್ಲ. ತಂತಿಯ ವ್ಯಾಪಾರಿಯು ಮಾತ್ರ ನಗದು ಕೇಳಿದನು. ತಾಯಿಯ ಬಂಗಾರದ ಬಳೆಗಳನ್ನು ಒತ್ತೆಯಿಡಬೇಕಾಯಿತು. ತಪ್ಪು ರೈತರದಲ್ಲ, ಬಂದ ಹಣದಲ್ಲಿ ಬಂಡವಾಳವೆಷ್ಟು, ಲಾಭವೆಷ್ಟು ಎಂದು ಬರೆದಿಡದ ನನ್ನದು. ಅಂದಿನಿಂದ ಅಂಗಡಿಯ ಹಣವನ್ನೂ ಮನೆಯ ಹಣವನ್ನೂ ಬೇರೆಬೇರೆಯಾಗಿಟ್ಟೆನು. ಆ ಬಳೆಗಳನ್ನು ಬಿಡಿಸಿಕೊಂಡು ಬರಲು ನನಗೆ ಎರಡು ವರ್ಷ ಹಿಡಿದವು.

ಬಂಡವಾಳದ ವಿಷಯದಲ್ಲಿಯೂ ನಮ್ಮ ನಾಡು ದೇಶಕ್ಕೆ ದಾರಿ ತೋರಿಸಿದೆಯೆಂಬುದನ್ನು ಮರೆಯಬಾರದು. ೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಸಾಹುಕಾರನ ಬಡ್ಡಿಗೆ ನೆರೆಹೊರೆಯವರ ಕೂಡುಗಂಟೇ ಉತ್ತರವೆಂದು ಅವರು ತೋರಿಸಿಕೊಟ್ಟರು. ೧೯೮೨ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳಾದ ವೀರೇಂದ್ರ ಹೆಗ್ಗಡೆಯವರು ಅಂದಿನ ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳೊಡನೆ ಕೂಡಿ ಉಜಿರೆಯಲ್ಲಿ ನಿರುದ್ಯೋಗಿ ತರುಣರಿಗಾಗಿ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ತೆರೆದರು. ಊಟ ವಸತಿಗಳೊಡನೆ ಕೆಲವು ವಾರಗಳ ಶಿಕ್ಷಣವನ್ನು ಉಚಿತವಾಗಿ ಕೊಟ್ಟು, ಕಲಿತವನನ್ನು ಅಲ್ಲಿಗೇ ಬಿಡದೆ ಮುಂದೆಯೂ ವಿಚಾರಿಸಿಕೊಳ್ಳುವುದು ಆ ಸಂಸ್ಥೆಯ ಪದ್ಧತಿ. ಆ ಮಾದರಿಯು ಮುಂದೆ ದೇಶದ ಜಿಲ್ಲೆಜಿಲ್ಲೆಗಳಿಗೆ ಹಬ್ಬಿತು. ೨೦೨೩ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರಿಕೆ, ಕುಂಬಾರಿಕೆ, ಬುಟ್ಟಿ ಹೆಣಿಗೆ, ಬಟ್ಟೆ ಒಗೆತ, ಕ್ಷೌರ, ಹೊಲಿಗೆ ಮೊದಲಾದ ೧೮ ಕಸುಬುಗಳಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ರೂಪಾಯಿಗಳವರೆಗೆ ಶೇಕಡಾ ೫ರ ಬಡ್ಡಿಯಲ್ಲಿ ಸಾಲವನ್ನು ಗೊತ್ತುಮಾಡಿದರು. ಆ ಪಟ್ಟಿಯನ್ನು ಓದಿದಾಗ ನನಗೆ ಅನುಭವಮಂಟಪದ ಶರಣರ ಹೆಸರುಗಳೇ ನೆನಪಾದವು.

ತಾಯಂದಿರ ವಿಷಯವನ್ನು ಹೇಳದೆ ಮುಗಿಸಿದರೆ ಅಪಚಾರವಾದೀತು. ಕಲಬುರಗಿ, ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿಗಳಲ್ಲಿ ಜೋಳದ ರೊಟ್ಟಿ ತಟ್ಟಿ, ಶೇಂಗಾ ಚಟ್ನಿ ಕುಟ್ಟಿ, ಖಾನಾವಳಿ ನಡೆಯಿಸಿ ಮಕ್ಕಳನ್ನು ಓದಿಸಿದ ಹೆಂಗಸರು ಎಷ್ಟು ಮಂದಿಯಿಲ್ಲ! ಗಂಡಸರು ಸ್ವಂತ ಉದ್ಯೋಗದ ಚರ್ಚೆಯನ್ನು ಸಭೆಗಳಲ್ಲಿ ಮಾಡುತ್ತಿರುವಾಗ, ಅವರು ಬೆಳಗಿನ ನಾಲ್ಕು ಗಂಟೆಗೆದ್ದು ಅದನ್ನು ಮಾಡಿ ತೋರಿಸಿದರು. ಒಣರೊಟ್ಟಿಯು ಬಹುದಿನ ಕೆಡದೆ ದೂರದೇಶಕ್ಕೂ ಹೋಗಬಲ್ಲುದೆಂಬ ವ್ಯಾಪಾರದ ಮರ್ಮವನ್ನು ಕಂಡುಕೊಂಡವರೂ ಅವರೇ.

ಕಡೆಯದಾಗಿ ಒಂದು ಕಹಿಯಾದ ಮಾತು. ನಮ್ಮಲ್ಲಿ ಕನ್ಯೆ ಕೊಡುವವರು “ಹುಡುಗನಿಗೆ ನೌಕರಿ ಉಂಟೇ?” ಎಂದು ಮೊದಲು ಕೇಳುವರು. ಹೊಲವಿದ್ದರೂ, ಅಂಗಡಿಯಿದ್ದರೂ, ಇಲ್ಲವೆಂದೇ ಎಣಿಕೆ. ೨೦೨೩ರಲ್ಲಿ ಮಂಡ್ಯದ ಕಡೆಯ ಅವಿವಾಹಿತ ತರುಣರು ತಮಗೆ ಕನ್ಯೆ ದೊರೆಯಲೆಂದು ಬೇಡಿಕೊಳ್ಳುತ್ತ ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡೆಯಲ್ಲಿ ಹೋದರು. ಕೆಲವರು ನಕ್ಕರು; ನಾನು ನಗಲಾರದೆ ಹೋದೆನು. ವೇದಿಕೆಯ ಮೇಲೆ ಕಾಯಕವನ್ನು ಹೊಗಳಿ, ಮನೆಯಲ್ಲಿ ಕಾಯಕದವನಿಗೆ ಮಗಳನ್ನು ಕೊಡೆನೆನ್ನುವ ಭಕ್ತಿಯು ಎಂಥ ಭಕ್ತಿ? ಎಷ್ಟೋ ತರುಣರು ಬಾರದ ಹುದ್ದೆಗಾಗಿ ಮೂವತ್ತು ದಾಟುವವರೆಗೆ ಕಾಯುವುದು ಸಂಬಳದ ಆಸೆಯಿಂದಲ್ಲ. ಈ ಒಂದು ಪ್ರಶ್ನೆಯ ಅಂಜಿಕೆಯಿಂದ.

ಆದಕಾರಣ ಈ ಮಹೋತ್ಸವದ ನೆನಪಿಗಾಗಿ ಶ್ರೀಮಠದ ಸನ್ನಿಧಿಯಲ್ಲಿ ನನ್ನ ಮೂರು ಅರಿಕೆಗಳಿವೆ. ಪ್ರಸಾದನಿಲಯದ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಿನ ಜೊತೆಗೆ ಒಂದು ಕೈಕೆಲಸವನ್ನೂ ಅಂಗಡಿಯ ಲೆಕ್ಕ ಬರೆಯುವುದನ್ನೂ ಕಲಿತೇ ಹೊರಡುವಂತಾಗಲಿ. ಮಠದ ಜಾತ್ರೆಗೂ ದಾಸೋಹಕ್ಕೂ ಬೇಕಾಗುವ ರೊಟ್ಟಿ, ಬಟ್ಟೆ, ಪತ್ರಾವಳಿ, ಮುದ್ರಣ, ದುರಸ್ತಿಗಳನ್ನು ಹೊಸದಾಗಿ ಕಾಯಕಕ್ಕೆ ಇಳಿದ ತರುಣ ತರುಣಿಯರಿಂದಲೇ, ಯಾವ ಜಾತಿಯವರೆಂದು ಕೇಳದೆ, ಪೂರ್ಣ ಬೆಲೆ ಕೊಟ್ಟು ಕೊಳ್ಳುವಂತಾಗಲಿ. ಮೂರನೆಯ ಅರಿಕೆಯು ಮಠಕ್ಕಲ್ಲ, ನಮಗೆ. ನಮ್ಮ ಊರಿನಲ್ಲಿ ಹೊಸ ಅಂಗಡಿ ತೆರೆದ ಹುಡುಗನ ಬಳಿಗೆ ವರ್ಷಕ್ಕೊಮ್ಮೆಯಾದರೂ ಮೊದಲನೆಯ ಗಿರಾಕಿಯಾಗಿ ಹೋಗೋಣ, ಉದ್ರಿ ಕೇಳದಿರೋಣ.

ಆ ಹಳೆಯ ಮೋಟಾರು ಈಗಿಲ್ಲ. ಬಾವಿಯ ಸ್ಥಳದಲ್ಲಿ ಕೊಳವೆಬಾವಿ ಬಂದಿದೆ. ಆದರೆ ಅಂದು ಶ್ರೀಗಳವರು ಕೊಟ್ಟ ಕೂಲಿಯಲ್ಲಿ ಒಂದು ರೂಪಾಯಿಯ ನಾಣ್ಯವನ್ನು ನಾನು ವೆಚ್ಚಮಾಡದೆ ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಈಗ ಆ ಅಂಗಡಿಯಲ್ಲಿ ಕಲಿತ ಹನ್ನೊಂದು ಮಂದಿ ಬೇರೆಬೇರೆ ಊರುಗಳಲ್ಲಿ ತಮ್ಮ ಅಂಗಡಿಗಳನ್ನು ನಡೆಯಿಸುತ್ತಿದ್ದಾರೆ. ಅವರಲ್ಲಿ ಪ್ರತಿಯೊಬ್ಬನು ಹೊರಡುವಾಗಲೂ ಆ ನಾಣ್ಯವನ್ನು ತೋರಿಸಿ, ಅದರ ಕಥೆಯನ್ನು ಹೇಳಿ ಕಳುಹಿಸಿದ್ದೇನೆ.