ಊಟ ಬಲ್ಲವನು, ಮಾತು ಬಲ್ಲವನು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಇದರಲ್ಲಿ ಎರಡು ಬೇರೆ ಬೇರೆ ಬುದ್ಧಿವಾದಗಳಿವೆಯೆಂದು ತಿಳಿಯುವುದು ವಾಡಿಕೆ. ಹೃದಯದ ಮಟ್ಟಿಗೆ ಅವೆರಡೂ ಒಂದೇ ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಮೊದಲು ಊಟ. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಲ್ಲಿ ರೈತನ ಬುತ್ತಿಯನ್ನು ಬಿಚ್ಚಿ ನೋಡಿರಿ: ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯೆಸೊಪ್ಪು, ಉಳ್ಳಾಗಡ್ಡಿ, ಗುರೆಳ್ಳು ಚಟ್ನಿ, ಮಜ್ಜಿಗೆ. ನಾರು, ಸಾರ ಎರಡೂ ಇರುವ ಈ ಊಟಕ್ಕೆ ಯಾವ ವೈದ್ಯರೂ ಹೆಸರಿಡಲಾರರು. ಅದೇ ಮನೆಯ ಮಗ ಹುಬ್ಬಳ್ಳಿಗೆ ಬಂದು ಕುರ್ಚಿಯ ಮೇಲೆ ಕುಳಿತು ದುಡಿಯತೊಡಗಿದನೆನ್ನಿ. ರೊಟ್ಟಿಯ ಜಾಗಕ್ಕೆ ಬಿಳಿ ಅನ್ನ ಬರುತ್ತದೆ. ಸಂಜೆಗೆ, ಕಾಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಸಿ ಕರಿದ ಮಿರ್ಚಿ ಭಜಿ. ನಡುನಡುವೆ ಸಕ್ಕರೆಯ ಚಹ. ನೇಗಿಲ ಹಿಂದಿನ ನಡಿಗೆ ನಿಂತಿತು, ಹಸಿವು ಮಾತ್ರ ನಿಲ್ಲಲಿಲ್ಲ. ಉಪ್ಪಿನ ಲೆಕ್ಕವಂತೂ ಯಾರಿಗೂ ಇಲ್ಲ. ದಿನಕ್ಕೆ 5 ಗ್ರಾಂ, ಎಂದರೆ ಸುಮಾರು ಒಂದು ಚಹದ ಚಮಚೆ, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳೊಳಗಿನ ಉಪ್ಪೂ ಆ ಚಮಚೆಯೊಳಗೇ ಬರಬೇಕು.

ಇನ್ನು ಸ್ವಭಾವ. 1959ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಫ್ರೀಡ್‌ಮನ್, ರೋಸೆನ್‌ಮನ್ ಎಂಬ ಇಬ್ಬರು ಹೃದ್ರೋಗ ತಜ್ಞರು, ಸದಾ ಅವಸರ, ಸದಾ ಪೈಪೋಟಿ, ಮಾತುಮಾತಿಗೆ ಸಿಡುಕು ಇರುವವರಲ್ಲಿ ಹೃದ್ರೋಗ ಹೆಚ್ಚೆಂದರು. ಈ ಸ್ವಭಾವಕ್ಕೆ ‘ಎ ಮಾದರಿ’ ಎಂಬ ಹೆಸರು ಬಂತು. ಮುಂದಿನ ಸಂಶೋಧನೆಗಳೆಲ್ಲ ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ದುಡಿಮೆಯ ಹುರುಪಿಗಿಂತ ಸಿಟ್ಟು, ಹಗೆತನಗಳೇ ಹೆಚ್ಚು ಸಂಶಯಕ್ಕೆ ಪಾತ್ರವಾದುವು. ಸಿಟ್ಟು ನೆತ್ತಿಗೇರಿದಾಗ ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ. ಆಮೇಲಿನ 2 ತಾಸುಗಳಲ್ಲಿ ಹೃದಯಾಘಾತದ ಸಂಭವ ಹೆಚ್ಚೆಂದು 2014ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ತೋರಿಸಿತು. ನಮ್ಮ ಹಿರಿಯರು ಕ್ರೋಧವನ್ನು ಅರಿಷಡ್ವರ್ಗದಲ್ಲಿ ಎಣಿಸಿದ್ದು ಪರದ ಚಿಂತೆಯಿಂದ. ಇಹಕ್ಕೂ ಅದು ವೈರಿಯೇ.

ಸಿಡುಕನ ಊಟವೂ ಅವಸರದ್ದೇ. ಅಗಿಯದೆ ನುಂಗುವನು, ಹೊಟ್ಟೆ ತುಂಬಿದ್ದು ತಿಳಿಯುವ ಮೊದಲೇ ಮತ್ತೆ ಬಡಿಸಿಕೊಳ್ಳುವನು, ಮೇಲೆ ಬೀಡಿ, ಸಿಗರೇಟು. ಗಾದೆಯ ಎರಡು ತುದಿಗಳು ಹೀಗೆ ಒಂದೇ ತಾಟಿನಲ್ಲಿ ಕೂಡುತ್ತವೆ. ಉಣ್ಣುವಾಗ ಸಾಲದ, ವ್ಯಾಜ್ಯದ ಮಾತು ತೆಗೆಯಬಾರದೆಂಬ ಮನೆಯ ಕಟ್ಟಳೆ ಪಥ್ಯಕ್ಕೆ ಸಮಾನ.

ಕೊನೆಗೊಂದು ಮಾತು. ಎದೆ ಹಿಂಡಿದಂತಾಗಿ, ನೋವು ಎಡದೋಳಿಗೋ ದವಡೆಗೋ ಹರಿದು, ಮೈ ಬೆವೆತರೆ, ‘ವಾಯು’ ಎಂದು ಸೋಡಾ ಕುಡಿದು ಮಲಗಬೇಡಿರಿ. ಹೃದಯದ ರಕ್ತನಾಳ ಕಟ್ಟಿಕೊಂಡರೆ ಗಳಿಗೆ ಗಳಿಗೆಗೂ ಅದರ ಸ್ನಾಯು ಸಾಯುತ್ತ ಹೋಗುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಆಗ ‘ನನಗೇನಾಗಿದೆ?’ ಎಂದು ಮನೆಯವರ ಮೇಲೆ ಹರಿಹಾಯದೆ ಹೊರಡುವವನೇ ಮಾತು ಬಲ್ಲವನು.